ಪೈಲವಾನನ ಪಾಲಿನ ಗುಳಿಗೆ

ಮಸೂತಿ ಎಂಬ ಹಳ್ಳಿಯ ಶೇವಂತೆವ್ವನಿಗೆ ಮೂರ್ಛೆರೋಗವಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಚಿಕ್ಕಂದಿನಲ್ಲಿ ಗಂಟುಬಿದ್ದದ್ದು ಮದುವೆಯಾಗಿ ಮಕ್ಕಳಾದರೂ ಬಿಟ್ಟಿರಲಿಲ್ಲ. ಮಾತಾಡುತ್ತ ಕೂತವಳು ಒಮ್ಮೆಲೇ ಚಿಟ್ಟನೆ ಚೀರಿ ಬೀಳುತ್ತಿದ್ದಳು. ಕೈಕಾಲು ಸೆಟೆದು, ಬಾಯಿಗೆ ನೊರೆ ಬಂದು, ಒದ್ದಾಡಿ, ಆಮೇಲೆ ಹಾಗೇ ಸುಸ್ತಾಗಿ ನಿದ್ದೆ ಹೋಗುತ್ತಿದ್ದಳು. ಎಚ್ಚರಾದಾಗ ಮೂಗಿನ ಹತ್ತಿರ ಯಾರದೋ ಚಪ್ಪಲಿ, ಒಂದು ಕೈಯಲ್ಲಿ ಬೀಗದಕೈ, ಇನ್ನೊಂದರಲ್ಲಿ ಉಳ್ಳಾಗಡ್ಡಿ ಇರುವುದು ಖಾಯಂ.

"ಇವತ್ತಿಂದು ಯಾರ ಚಪ್ಪಲರಿ? ಭಾಳ ಹಳೇದಾಗೇತಿ. ಹೊಸಾದ ತಗೋರಿ ಅಂತ ಹೇಳ್ರಿ ಅವರಿಗೆ" ಎಂದು ಅವಳು ಏಳುತ್ತಲೇ ಹೇಳುತ್ತಿದ್ದಳು. ಗಾಬರಿಯಿಂದ ಸುತ್ತುಗಟ್ಟಿ ನಿಂತವರು ನಕ್ಕು ಹಗುರಾಗಿ ಮನೆಗೆ ಹೋಗುತ್ತಿದ್ದರು.

ಆದರೆ ಅವಳಿಗೂ ಒಂದು ಕೊರಗಿತ್ತು. ಒಮ್ಮೆ ಒಲೆಯ ಮುಂದೆ ಬಿದ್ದು ಎಡಗೈ ಸುಟ್ಟುಕೊಂಡ ಮೇಲೆ ಅತ್ತೆ ಹುಚ್ಚವ್ವ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಬಾವಿಗೂ ಬಿಟ್ಟಿರಲಿಲ್ಲ. ಹುಚ್ಚವ್ವನದು ಬಿರುಸು ಬಾಯಿ, ಮೆತ್ತನ್ನ ಕರುಳು. ಆ ವಯಸ್ಸಿನಲ್ಲೂ ಹೊಗೆಯಲ್ಲಿ ಕೂತು ತಾನೇ ರೊಟ್ಟಿ ಬಡಿಯುತ್ತಿದ್ದಳು. ಗಂಡ ಅಮಸಿದ್ದ ವರ್ಷದ ಅರ್ಧ ಭಾಗ ಕುರಿ ಹಿಂಡಿನೊಂದಿಗೆ ಕೃಷ್ಣೆಯ ದಂಡೆಯುದ್ದಕ್ಕೂ ತಿರುಗುವವನು. ಹೀಗಾಗಿ ಶೇವಂತೆವ್ವನ ಪಾಲಿಗೆ ಉಳಿದದ್ದು ಪಡಸಾಲೆಯಲ್ಲಿ ಕೂತು ಉಣ್ಣೆ ನೂಲುವುದು, ಸಂತೆಗೆ ಕಂಬಳಿ ಒಯ್ಯುವುದು, ಇಷ್ಟೇ. "ಮನಿ ಸೊಸಿ ಆದಕಿ ಮನ್ಯಾಗ ಬೀಗರಂಗ ಕುಂತ ಉಣ್ಣೂದು ನೋಡ" ಎಂದು ಅವಳು ತನ್ನನ್ನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದಳು. ಹೇಳುವಾಗ ನಗು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಆಲಮಟ್ಟಿಯಲ್ಲಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟ ವರ್ಷ. ಆ ಮಳೆಗಾಲ ಮುಗಿಯುತ್ತಲೇ ಬಸವನ ಬಾಗೇವಾಡಿಯ ಸಂತೆಗೆ ಒಂದು ಜೀಪು ಬಂತು. ಅದರಿಂದ ಇಳಿದವರು ಡಾಕ್ಟರ್ ಸುಮಿತ್ರಾಬಾಯಿ. ಧಾರವಾಡದ ಕಡೆಯವರು, ಇನ್ನೂ ಮೂವತ್ತೈದು ದಾಟಿರಲಿಕ್ಕಿಲ್ಲ, ದಪ್ಪ ಕನ್ನಡಕ, ಕಚ್ಚೆ ಸೀರೆ, ಜೋರು ದನಿ. ಜೊತೆಗೆ ಕಂಪೌಂಡರ್ ಗುಡುಸಾಬ. ಅಲ್ಲಿನ ಕನ್ನಡ ಸಾಲಿಯ ಪಡಸಾಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತ ಅವರು, ಬೀಳುವ ಜಡ್ಡಿನವರು ಯಾರಿದ್ದರೂ ಬರಬೇಕೆಂದು ಡಂಗುರ ಹೊಡೆಸಿದರು.

ಯಾರೂ ಬರಲಿಲ್ಲ. ಇಂತಹ ಜಡ್ಡನ್ನು ಸಂತೆಯ ನಡುವೆ ಒಪ್ಪಿಕೊಳ್ಳುವವರು ಯಾರು? ಜನ ದೂರ ನಿಂತು ನೋಡಿದರು. ಕಂಬಳಿ ಮಾರಲು ಬಂದಿದ್ದ ಶೇವಂತೆವ್ವ ಮಾತ್ರ ಗಂಟನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಸೀದಾ ಹೋಗಿ ಮೇಜಿನ ಮುಂದೆ ಕೂತಳು.

"ನಾ ಬೀಳ್ತೇನ್ರಿ. ಯಾವಾಗ ಅಂತ ಮಾತ್ರ ಮೊದಲ ಹೇಳಾಕ ಬರೂದಿಲ್ಲ ನೋಡ್ರಿ."

ಸುಮಿತ್ರಾಬಾಯಿ ನಕ್ಕುಬಿಟ್ಟರು. ನಾಡಿ ನೋಡಿದರು, ಕಣ್ಣು ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಸುತ್ತ ನಿಂತವರಿಗೂ ಕೇಳುವ ಹಾಗೆ ಹೇಳಿದರು:

"ಇದು ದೆವ್ವ ಅಲ್ಲ, ಶಾಪ ಅಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಅಲ್ಲ. ನಿಮ್ಮ ಈ ಸಂತಿ ಐತೆಲ್ಲ, ಎಲ್ಲಾರೂ ತಮ್ಮ ತಮ್ಮ ಮಾತ ಆಡ್ಕೋತ ಇದ್ರ ವ್ಯಾಪಾರ ನಡೀತೈತಿ. ಎಲ್ಲಾರೂ ಕೂಡೇ ಒಮ್ಮೆಲೇ ಒದರಾಕ ಹತ್ತಿದ್ರ? ಮೆದುಳಿನ್ಯಾಗ ಹಂಗ ಗದ್ದಲ ಎದ್ದಾಗ ಮನಷ್ಯಾ ಬೀಳ್ತಾನ. ಈ ಗುಳಿಗಿ ಆ ಗದ್ದಲಾ ಏಳದಂಗ ನೋಡ್ಕೋತೈತಿ."

"ಮತ್ತ ಇಷ್ಟ ಗೊತ್ತಿದ್ರ ನೀವ್ಯಾಕ ಇಲ್ಲಿತನಕಾ ಬಂದೀರಿ?" ಎಂದು ಶೇವಂತೆವ್ವ ಕೇಳಿದಳು.

"ಗೊತ್ತಿಲ್ಲದ್ದು ಇನ್ನೂ ಭಾಳ ಐತವ್ವಾ. ದೊಡ್ಡ ದವಾಖಾನ್ಯಾಗ ಮಲಗಿಸಿ ಔಷಧ ಕೊಟ್ರ ಗುಣಾ ಆಗತೈತಿ ಅನ್ನೂದು ಗೊತ್ತೈತಿ. ಆದ್ರ ಅಲ್ಲಿಗೆ ಎಷ್ಟ ಮಂದಿ ಹೋಗ್ತೀರಿ? ಮನ್ಯಾಗ ಇದ್ದು, ದಿನಾ ಊಟ ಆದಮ್ಯಾಲೆ ತಪ್ಪದಂಗ ಗುಳಿಗಿ ನುಂಗಿದ್ರ ಅಷ್ಟ ಗುಣಾ ಆದೀತೇನು, ಎಷ್ಟ ಗುಳಿಗಿ ಸಾಕು, ಎಷ್ಟಕ್ಕ ನಿದ್ದಿ ಹೆಚ್ಚಾಗತೈತಿ, ಇದನ್ನ ನೋಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಈ ಬಾಗೇವಾಡಿ, ನಾಕೂ ಕಡೆ ತಿರುಗಾಕತ್ತೇನಿ. ಇದಕ್ಕ ಸಂಶೋಧನೆ ಅಂತಾರ."

"ಅಂದ್ರ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಬ್ರೂ ಕೂಡೇ ನೋಡೂಣಂತ ಬಿಡ್ರಿ" ಎಂದಳು ಶೇವಂತೆವ್ವ. ಗುಡುಸಾಬ ಎಣಿಸಿ ಕೊಟ್ಟ ಗುಳಿಗೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ದಿನಕ್ಕೆ ಎರಡು, ಮುಂದಿನ ತಿಂಗಳು ಜೀಪು ಬರುವವರೆಗೆ ಸಾಕಾಗುವಷ್ಟು.

ಮೊದಮೊದಲು ಅವಳಿಗೆ ಎಲ್ಲಿಲ್ಲದ ನಿದ್ದೆ. ನೂಲುವ ಕದಿರು ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದಳು. "ಇದೇನ ಔಷಧನೋ ಅಫೀಮೋ" ಎಂದು ಹುಚ್ಚವ್ವ ಗೊಣಗಿದಳು. ಆಮೇಲೆ ನಿದ್ದೆ ಹಗುರಾಯಿತು. ಅಮಾವಾಸ್ಯೆ ಬಂತು, ಹೋಯಿತು, ಶೇವಂತೆವ್ವ ಬೀಳಲಿಲ್ಲ. ಹುಣ್ಣಿಮೆಗೂ ಬೀಳಲಿಲ್ಲ. ಓಣಿಯವರು ಬಾಗಿಲಲ್ಲಿ ಇಣುಕಿ, "ಏನ ಶೇವಂತಿ, ಅರಾಮ?" ಎಂದು ಕೇಳುವುದು ಸುರುವಾಯಿತು. ಹುಚ್ಚವ್ವ ಗೊಣಗುವುದನ್ನು ಬಿಟ್ಟು, ಊಟ ಆಗುತ್ತಲೇ ತಾನೇ ನೀರಿನ ತಂಬಿಗೆ ತಂದು ಸೊಸೆಯ ಮುಂದೆ ಇಡತೊಡಗಿದಳು.

ಎರಡನೆಯ ಸಲ ಗುಳಿಗೆ ತಂದ ಮೇಲೆ ಒಂದು ಮಧ್ಯಾಹ್ನ ಶೇವಂತೆವ್ವ ಹಳ್ಳದ ಕಡೆ ಕುರಿಮರಿಗಳನ್ನು ಹೊಡೆದುಕೊಂಡು ಹೋಗಿದ್ದಳು. ಜೋಳ ಎದೆಯೆತ್ತರ ನಿಂತಿತ್ತು. ಬದುವಿನಾಚೆಯಿಂದ ಒಂದು ಚೀರು ಕೇಳಿಸಿತು. ತಾನು ಚೀರುವುದನ್ನು ಅವಳೇನೂ ಕೇಳಿದವಳಲ್ಲ, ಆದರೂ ಅದು ಎಂಥ ಚೀರೆಂದು ಗುರುತು ಸಿಕ್ಕಿತು. ಜೋಳ ಸರಿಸಿ ನೋಡಿದರೆ ನೆಲದ ಮೇಲೆ ದಾವಲಮಲಿಕ ಬಿದ್ದು ಒದ್ದಾಡುತ್ತಿದ್ದ.

ದಾವಲಮಲಿಕನೆಂದರೆ ಮಸೂತಿಯ ಪೈಲವಾನ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಕುಸ್ತಿ ಕಣದಲ್ಲಿ ಅವನ ಹೆಸರು ಕೂಗಿದರೆ ಜನ ರುಮಾಲು ಹಾರಿಸುತ್ತಿದ್ದರು. ಬಾಗಿಲು ದಾಟಬೇಕಾದರೆ ಅಡ್ಡ ತಿರುಗಬೇಕಾದಂತಹ ಆಳು. ಅವನ ತಾಯಿ ರಾಜಬಿ ಬಳೆ ಮಾರುವವಳು, ಶೇವಂತೆವ್ವನ ಮನೆಯ ಆಚೆಗಿನ ಮನೆಯವಳೇ. ಅವನನ್ನು ಚಡ್ಡಿ ಹಾಕದ ವಯಸ್ಸಿನಿಂದ ಶೇವಂತೆವ್ವ ಬಲ್ಲಳು.

ಡಾಕ್ಟರಬಾಯಿ ಹೇಳಿಕೊಟ್ಟಂತೆ ಅವನನ್ನು ಮಗ್ಗುಲಿಗೆ ಹೊರಳಿಸಲು ನೋಡಿದಳು. ಬಂಡೆಗಲ್ಲು ಹೊರಳಿಸಿದಂತಾಯಿತು. ಬೆನ್ನಿಗೆ ಬೆನ್ನು ಕೊಟ್ಟು, ಬದುವಿಗೆ ಕಾಲು ಒತ್ತಿ, ಹೇಗೋ ಹೊರಳಿಸಿ ತಲೆಯ ಕೆಳಗೆ ಸೆರಗನ್ನು ಸುತ್ತಿ ಇಟ್ಟಳು. ಎಚ್ಚರವಾದಾಗ ಅವನು ಅವಳನ್ನು ನೋಡಿ ಮುಖ ಮುಚ್ಚಿಕೊಂಡ.

"ಯಕ್ಕಾ, ಯಾರ ಮುಂದೂ ಹೇಳಬ್ಯಾಡ."

"ಎಷ್ಟ ದಿನದಿಂದ ಐತೋ ತಮ್ಮಾ ಇದು?"

"ಹೋದ ವರ್ಷ ತಲಿಗೆ ಪೆಟ್ಟ ಬಿದ್ದಿತ್ತಲ್ಲ, ಆವಾಗಿಂದ. ನಮ್ಮವ್ವಗಷ್ಟ ಗೊತ್ತೈತಿ. ಮಂದಿಗೆ ಗೊತ್ತಾತಂದ್ರ ನನ್ನ ಜೋಡಿ ಯಾರ ಕುಸ್ತಿ ಹಿಡೀತಾರ? ಗರಡಿಮನ್ಯಾಗ ಹುಡುಗೂರು ನಗ್ತಾವ. ಆಣಿ ಮಾಡಕ್ಕಾ."

"ಡಾಕ್ಟರಬಾಯಾರ ಕಡೆ ಬಾರೋ. ನನಗ ನೋಡ, ಎಷ್ಟ ಅರಾಮ ಆಗೇತಿ."

"ಸಂತ್ಯಾಗ, ಎಲ್ಲಾರ ಮುಂದ? ಪ್ರಾಣಾ ಹೋದ್ರೂ ಒಲ್ಲೆ."

ಅಷ್ಟು ದೊಡ್ಡ ಮನುಷ್ಯ ಚಿಕ್ಕ ಹುಡುಗನ ಹಾಗೆ ಅಂಗಲಾಚುವುದನ್ನು ಶೇವಂತೆವ್ವನಿಗೆ ನೋಡಲಾಗಲಿಲ್ಲ. ಮಾತು ಕೊಟ್ಟಳು. ಬರೀ ಮಾತಷ್ಟೇ ಅಲ್ಲ, ಸೆರಗಿನ ಗಂಟು ಬಿಚ್ಚಿ ತನ್ನ ಗುಳಿಗೆಗಳಲ್ಲಿ ಅರ್ಧ ಪಾಲು ಕೊಟ್ಟಳು. "ದಿನಾ ಊಟ ಆದಮ್ಯಾಲೆ ಒಂದು. ನಾನೂ ಒಂದ ತಗೋತೇನಿ. ಇಬ್ರಿಗೂ ಆಗತೈತಿ" ಎಂದಳು. ಎರಡು ರೊಟ್ಟಿಯಲ್ಲಿ ಒಂದು ಕೊಟ್ಟಷ್ಟೇ ಸಲೀಸಾಗಿ ಕೊಟ್ಟಳು.

ಆದರೆ ಗುಳಿಗೆ ರೊಟ್ಟಿಯಲ್ಲ. ಕೆಲವೇ ದಿನಗಳಲ್ಲಿ ಶೇವಂತೆವ್ವ ಪಡಸಾಲೆಯಲ್ಲಿ ಬಿದ್ದಳು. ಮತ್ತೆ ಜೀಪು ಬಂದ ಸಂತೆಯಲ್ಲಂತೂ ಒಣ ಮೆಣಸಿನಕಾಯಿಯ ರಾಶಿಯ ಮೇಲೇ ಬಿದ್ದು, ಎಚ್ಚರಾದಾಗ ಅವಳ ಜೊತೆ ಸುತ್ತ ನಿಂತವರೆಲ್ಲ ಸೀನುತ್ತಿದ್ದರು. ಸುಮಿತ್ರಾಬಾಯಿಯ ಹುಬ್ಬು ಗಂಟಿಕ್ಕಿತು. "ಮೊದಲ ತಿಂಗಳ ಅಷ್ಟ ಚಲೋ ಇದ್ದಕಿ ಯಾಕ ಹಿಂಗಾತು?" ಎಂದು ದಿನಕ್ಕೆ ಮೂರು ಗುಳಿಗೆ ಮಾಡಿದರು. ಸುದ್ದಿ ಕೇಳಿ ದಾವಲಮಲಿಕ ಹಿತ್ತಲ ಗೋಡೆಯ ಮೇಲಿಂದ ಇಣುಕಿದ.

"ಯಕ್ಕಾ, ನಿನ್ನ ಮೈಯೊಳಗ ನನ್ನ ಒಂದ ತೊಡಿ ಅಷ್ಟ ಮಾಂಸ ಇಲ್ಲ. ನನಗ ಒಂದ ಗುಳಿಗಿ ಎಲ್ಲಿಗೆ ಮುಟ್ಟತೈತಿ? ಎರಡ ನನಗ ಕೊಡು."

ಅವನ ಲೆಕ್ಕವೂ ಖರೆ ಅನಿಸಿತು. ಎರಡು ಅವನಿಗೆ, ಒಂದು ಇವಳಿಗೆ. ಅವನೂ ಪೂರ್ತಿ ಗುಣವಾಗಲಿಲ್ಲ, ಇವಳೂ ಬೀಳುವುದು ನಿಲ್ಲಲಿಲ್ಲ.

ಮುಂದಿನ ಸಲ ಸುಮಿತ್ರಾಬಾಯಿ ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಹೇಳಿದರು: "ಶೇವಂತೆವ್ವಾ, ನಿನ್ನಂಗ ಸಣ್ಣಾಕಿ ಇದ್ದಾಗಿಂದ ರೋಗ ಇದ್ದವರಿಗೆ ಈ ಗುಳಿಗಿ ಭಾಳ ದಿನಾ ತಡ್ಯಾಂಗಿಲ್ಲ ಕಾಣಸ್ತೈತಿ. ಇಂಡ್ಯಾಗ, ಸಿಂದಗ್ಯಾಗ ನಿನ್ನಂಥವರು ಇನ್ನೂ ಅದಾರ. ಸದ್ಯಕ್ಕ ಅರಾಮ ಅದಾರ ಖರೆ, ಆದ್ರ ನಿನ್ನ ನೋಡಿ ಅವರದೂ ನನಗ ಭರೋಸಾ ಇಲ್ಲದಂಗ ಆಗೇತಿ. ಎಲ್ಲಾರಿಗೂ ಬ್ಯಾರೇ ಗುಳಿಗಿ ಸುರು ಮಾಡಬೇಕೇನೋ. ಅದು ವಸಡು ಬಾವಸ್ತೈತಿ, ತಲಿ ತಿರುಗಸ್ತೈತಿ. ಮುಂದಿನ ಸಲ ಬಂದಾಗ ನಿರ್ಧಾರ ಮಾಡ್ತೇನಿ."

ಬಂಡಿಯಲ್ಲಿ ಊರಿಗೆ ಮರಳುವಾಗ ಶೇವಂತೆವ್ವನಿಗೆ ಅದೇ ಚಿಂತೆ. ತಾನು ಮುಚ್ಚಿಟ್ಟದ್ದು ತನ್ನ ಮೈಗಷ್ಟೇ ಬಾಧಿಸುತ್ತದೆ ಎಂದುಕೊಂಡಿದ್ದಳು. ಈಗ ಅವಳು ಕಣ್ಣಾರೆ ಕಾಣದ ಇಂಡಿಯ ಯಾರೋ ಒಬ್ಬಳು, ಸಿಂದಗಿಯ ಯಾರೋ ಒಬ್ಬ, ನೆಟ್ಟಗೆ ನಡೆಯುತ್ತಿದ್ದವರು ಇವಳ ಸುಳ್ಳಿನಿಂದ ತಲೆ ತಿರುಗಿ ಕೂರಬೇಕು. ಊರು ಮುಟ್ಟುತ್ತಲೇ ರಾಜಬಿಯ ಮನೆಗೆ ಹೋದಳು. ದಾವಲಮಲಿಕ ಬದಾಮು ಅರೆಯುತ್ತ ಕೂತಿದ್ದ.

"ತಮ್ಮಾ, ನಿನ್ನ ಹೆಸರ ನಾ ಹೇಳೂದಿಲ್ಲ. ಮಾತ ಕೊಟ್ಟೇನಿ. ಆದ್ರ ಇನ್ನ ಮುಂದ ಡಾಕ್ಟರಬಾಯಾರ ಮುಂದ ಸುಳ್ಳ ಹೇಳಾಕ ನನ್ನ ಕೈಲೆ ಆಗೂದಿಲ್ಲ."

ಎಲ್ಲ ಬಿಡಿಸಿ ಹೇಳಿದಳು. ದಾವಲಮಲಿಕ ತಲೆ ಬಗ್ಗಿಸಿಕೊಂಡು ಅರೆದದ್ದನ್ನೇ ಅರೆದ. "ಮುಂದಿನ ಕುಸ್ತಿ ಒಂದ ಮುಗೀಲಕ್ಕಾ" ಎಂದ. ಒಳಗಿನಿಂದ ರಾಜಬಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಬಳೆಯ ಮಲಾರದ ಗಂಟನ್ನು ತುಸು ಜೋರಾಗಿಯೇ ನೆಲಕ್ಕೆ ಇಟ್ಟಳು.

ಜೀಪು ಬಂದ ದಿನ ಸಾಲಿಯ ಪಡಸಾಲೆಯಲ್ಲಿ ಮಂದಿ ಇದ್ದರು, ಈ ತಿಂಗಳುಗಳಲ್ಲಿ ಒಬ್ಬೊಬ್ಬರಾಗಿ ಬರತೊಡಗಿದ್ದ ಹೆಂಗಸರು, ಮಕ್ಕಳು. ದೂರ ನಿಂತು ತಮಾಷೆ ನೋಡುವ ಗಂಡಸರು. ಶೇವಂತೆವ್ವ ಕೂರುವ ಮೊದಲೇ ಹೇಳಿದಳು:

"ಬಾಯಾರ, ಆ ಹೊಸಾ ಗುಳಿಗಿ ಯಾರಿಗೂ ಕೊಡಬ್ಯಾಡ್ರಿ. ತಪ್ಪ ನಿಮ್ಮ ಗುಳಿಗೀದಲ್ಲ. ನಾ ಎಲ್ಲಾ ನುಂಗೂದಿಲ್ರಿ."

ಸುಮಿತ್ರಾಬಾಯಿ ಪೆನ್ನು ಕೆಳಗಿಟ್ಟರು. "ಉಳದದ್ದ ಏನ ಮಾಡ್ತಿ?"

"ಒಬ್ರಿಗೆ ಕೊಡ್ತೇನ್ರಿ."

"ಯಾರಿಗೆ?"

"ಅದನ್ನ ಹೇಳೂದಿಲ್ರಿ. ಮಾತ ಕೊಟ್ಟೇನಿ."

"ಮಾರ್ತಾಳ ಕಾಣಸ್ತೈತ್ರಿ ಬಾಯಾರ" ಎಂದ ಗುಡುಸಾಬ. ಅವನು ಕೆಟ್ಟವನಲ್ಲ, ಗುಳಿಗೆ ಎಣಿಸಿ ಎಣಿಸಿ ಮನಸ್ಸು ಬಿಗಿಯಾಗಿತ್ತು ಅಷ್ಟೆ. ಆದರೆ ಆ ಮಾತು ಶೇವಂತೆವ್ವನಿಗೆ ಬೆಂಕಿಗಿಂತ ಹೆಚ್ಚು ಸುಟ್ಟಿತು. ಎಂದೂ ಅಳದವಳ ಕಣ್ಣಲ್ಲಿ ನೀರು ಬಂತು.

"ಗುಡುಸಾಬಣ್ಣಾ, ಆ ಮಾತ ವಾಪಸ್ ತಗೋ!" ಎಂಬ ಗಂಡು ದನಿ ಬಾಗಿಲ ಕಡೆಯಿಂದ ಬಂತು.

ಸಾಲಿಯ ಬಾಗಿಲಿಗೆ ಬೆಳಕೇ ಇಲ್ಲದಂತೆ ಒಬ್ಬ ಅಡ್ಡ ನಿಂತಿದ್ದ. ಹಿಂದಿನಿಂದ ರಾಜಬಿ ಅವನ ಬೆನ್ನಿಗೆ ಎರಡೂ ಕೈ ಇಟ್ಟು ಒಳಗೆ ದಬ್ಬುತ್ತಿದ್ದಳು. ದಬ್ಬಿದ್ದು ಅವಳಾದರೂ ನಡೆದು ಬಂದದ್ದು ಅವನೇ. ಹೊರಗೆ ನಿಂತ ಗಂಡಸರೆಲ್ಲ "ಪೈಲವಾನ, ಪೈಲವಾನ" ಎಂದು ಹತ್ತಿರ ಸರಿದರು.

"ಆ ಗುಳಿಗಿ ನುಂಗಿದಾಂವ ನಾನ್ರಿ" ಎಂದ ದಾವಲಮಲಿಕ. ದನಿ ಮೊದಲು ತಗ್ಗಿತ್ತು, ಆಮೇಲೆ ಏನಾಯಿತೋ, ಹೊರಗಿನವರ ಕಡೆ ತಿರುಗಿ ಗಟ್ಟಿಯಾಗೇ ಹೇಳಿದ: "ಹೌದು, ನನಗ ಮೂರ್ಛಿ ಬರ್ತೈತಿ. ಹೊಲದಾಗ ಬಿದ್ದಾಗ ಈ ಅಕ್ಕ ಉಳಿಸ್ಯಾಳ. ತನ್ನ ಪಾಲಿಂದು ನನಗ ಕೊಟ್ಟು ತಾ ಬಿದ್ದಾಳ. ಯಾರರ ನಗೂದಿದ್ರ ಈಗ ನಕ್ಕಬಿಡ್ರಿ."

ಯಾರೂ ನಗಲಿಲ್ಲ. ಗುಡುಸಾಬ ಎದ್ದು ಶೇವಂತೆವ್ವನ ಮುಂದೆ ಕೈಮುಗಿದ. ಸುಮಿತ್ರಾಬಾಯಿ ಇಬ್ಬರನ್ನೂ ಕೂರಿಸಿ ಚೆನ್ನಾಗಿ ಬೈದರು. ಗುಳಿಗೆ ಕಡಿಮೆ ಮಾಡುವುದು, ನಡುವೆ ಬಿಡುವುದು ಜೀವಕ್ಕೇ ಅಪಾಯ, ಒಬ್ಬರ ಔಷಧ ಇನ್ನೊಬ್ಬರು ತಿನ್ನಬಾರದು, ತಿಳಿಯಿತೇ? ತಿಳಿಯಿತು ಎಂದು ಇಬ್ಬರೂ ತಲೆಯಾಡಿಸಿದರು. ಬೈದು ಮುಗಿಸಿದ ಮೇಲೆ ಅವರು ದಾವಲಮಲಿಕನನ್ನು ಮೇಲಿಂದ ಕೆಳಗೆ ನೋಡಿ ನಗು ತಡೆಯಲಾರದೆ ಹೋದರು. "ಎಲಾ! ಇಷ್ಟ ದೊಡ್ಡ ದೇಹಕ್ಕ ಆ ಒಂದೆರಡ ಗುಳಿಗಿ ಹನಿ ನೀರ ಹೊಡದಂಗ. ತೂಕಾ ನೋಡಿ ಕೊಡಬೇಕು. ಗುಡುಸಾಬ, ತೂಕದ ಯಂತ್ರ ತರ್ರಿ."

ಜೀಪಿನಲ್ಲಿ ತಂದಿದ್ದ ಯಂತ್ರದ ಮೇಲೆ ಅವನು ಒಂದು ಕಾಲಿಟ್ಟ ಕೂಡಲೇ ಅದರ ಮುಳ್ಳು ಸರ್ರನೆ ಕೊನೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಇನ್ನು ಉಳಿದದ್ದು ಅಡತಿ ವ್ಯಾಪಾರಿ ಗುರಣ್ಣನ ತಕ್ಕಡಿ. ಇಡೀ ಸಂತೆ ಹಿಂದೆ ನಡೆಯಿತು. ಹತ್ತಿಯ ಅಂಡಿಗೆ, ಮೂಟೆ ತೂಗುವ ಆ ತಕ್ಕಡಿಯ ಒಂದು ದೊಡ್ಡ ಪರಡಿಯಲ್ಲಿ ಪೈಲವಾನ ಕಾಲು ಮಡಚಿಕೊಂಡು ಕೂತ, ಇನ್ನೊಂದರಲ್ಲಿ ಹಮಾಲರು ತೂಕದ ಕಲ್ಲು ಹೇರಿದರು. "ಇನ್ನೊಂದ ಹಾಕ, ಇನ್ನೊಂದ ಹಾಕ" ಎಂದು ಮಂದಿ ಕೂಗಿದರು.

"ಈ ಮಾಲಿಗೆ ಧಾರಣಿ ಏನ ಹಚ್ಚಲ್ರಿ ಬಾಯಾರ?" ಎಂದು ಗುರಣ್ಣ ಕೇಳಿದ. ಪರಡಿಯಲ್ಲಿ ಕೂತವನೇ ಮೊದಲು ನಕ್ಕ. ಅವನು ನಕ್ಕದ್ದಕ್ಕೆ ತಕ್ಕಡಿ ತೂಗಾಡಿತು, ತಕ್ಕಡಿ ತೂಗಾಡಿದ್ದಕ್ಕೆ ಸಂತೆಯೆಲ್ಲ ನಕ್ಕಿತು. ಶೇವಂತೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ನಕ್ಕು ನಕ್ಕು ಬಂದ ನೀರು.

ಆ ನಗುವಿನಲ್ಲೇ ಏನೋ ಸಡಿಲಾಯಿತು. ಮಂದಿ ಕರಗಿದ ಮೇಲೆ, ಮುಳವಾಡದ ಒಬ್ಬ ರೈತ ಸಾಲಿಯ ಪಡಸಾಲೆಗೆ ಹಿಂದಿನ ಬಾಗಿಲಿನಿಂದ ಬಂದ. ಅವನ ಹಿಂದೆ ಒಬ್ಬ ಬಡಿಗ. ಆಮೇಲೆ ಇಷ್ಟು ದಿನ ದೂರ ನಿಂತು ತಮಾಷೆ ನೋಡುತ್ತಿದ್ದವರಲ್ಲೇ ಒಬ್ಬ, ಕಮ್ಮಾರ ಓಣಿಯವನು. "ಪೈಲವಾನಗ ಬರೋದ ಖರೆ ಇದ್ರ, ನನಗೂ ಬರ್ತೈತ್ರಿ" ಎಂದ ಅವನು. ಸುಮಿತ್ರಾಬಾಯಿ ಅಂದು ಬೆಳಕು ಇರುವವರೆಗೂ ಎದ್ದೇಳಲಿಲ್ಲ. ಹೋಗುವಾಗ ಶೇವಂತೆವ್ವನ ಭುಜ ಹಿಡಿದು ಹೇಳಿದರು: "ನಿನ್ನಿಂದ ನನ್ನ ಇಷ್ಟು ತಿಂಗಳದ ಲೆಕ್ಕ ಕೆಡ್ತು, ಹೊಸಾದ ಸುರು ಮಾಡಬೇಕು. ಆದ್ರ ಗಂಡಸರು ಯಾಕ ಬರಾಕತ್ತಿಲ್ಲ ಅಂತ ನಾಕೂ ತಾಲೂಕಿನ್ಯಾಗ ತಲಿ ಕೆಡಿಸ್ಕೊಂಡಿದ್ದೆ. ಇವತ್ತ ತಿಳೀತು. ಅರ್ಧಾ ರೋಗಿಗೋಳು ನನ್ನ ಎಣಿಕಿಗೇ ಬಂದಿದ್ದಿಲ್ಲ."

ಹೊಸ ಲೆಕ್ಕ ಚೆನ್ನಾಗಿ ನಡೆಯಿತು. ಶೇವಂತೆವ್ವ ತನ್ನ ಪಾಲನ್ನು ತಾನೇ ನುಂಗಿದಳು, ಬೀಳುವುದು ನಿಂತಿತು. ದಾವಲಮಲಿಕನಿಗೆ ಅವನ ತೂಕಕ್ಕೆ ತಕ್ಕಷ್ಟು ಗುಳಿಗೆ ಸಿಕ್ಕಿತು. ಕಣಕ್ಕೆ ಇಳಿಯುವುದು ಮಾತ್ರ ಬೇಡವೆಂದು ಡಾಕ್ಟರಬಾಯಿ ಖಂಡತುಂಡವಾಗಿ ಹೇಳಿದರು. ಕೆಲವು ದಿನ ಅವನು ಊಟವನ್ನೇ ಸರಿಯಾಗಿ ಮಾಡಲಿಲ್ಲ. ಆದರೆ ಗರಡಿಮನೆಯ ಹುಡುಗರು ನಗುವ ಬದಲು ಸಾಲುಗಟ್ಟಿ ಅವನ ಮನೆಗೇ ಬಂದು, "ಉಸ್ತಾದ, ಕುಸ್ತಿ ಡಾವ ಹೇಳಿಕೊಡ್ರಿ" ಎಂದು ಕೂತರು. ಆ ಬೇಸಿಗೆಯಲ್ಲಿ ಅವನು ತಯಾರು ಮಾಡಿದ ಹುಡುಗ ಮುದ್ದೇಬಿಹಾಳದಲ್ಲಿ ಬೆಳ್ಳಿ ಕಡಗ ಗೆದ್ದು ತಂದ.

ಹುಚ್ಚವ್ವ ಒಂದು ಬೆಳಗ್ಗೆ ರೊಟ್ಟಿ ಬಡಿಯುವ ಕೊಮ್ಮಣಿಗೆಯನ್ನು ಸೊಸೆಯ ಮುಂದೆ ಸರಿಸಿ, ತಾನು ಅಲ್ಲೇ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ಶೇವಂತೆವ್ವನ ಮೊದಲ ರೊಟ್ಟಿ ಹರಿಯಿತು, ಎರಡನೆಯದು ಸೀದುಹೋಯಿತು. ಕುರಿ ಹಿಂಡನ್ನು ಹೊಲದಲ್ಲಿ ತರುಬಿ ನಿಲ್ಲಿಸಿ ಆಗಷ್ಟೇ ಮನೆಗೆ ಬಂದಿದ್ದ ಅಮಸಿದ್ದ ಆ ಸೀದದ್ದನ್ನೇ ಎತ್ತಿಕೊಂಡು ಖಾರ ಸವರಿ ತಿಂದ. "ಭಾಳ ಚಲೋ ಆಗೇತಿ" ಎಂದ. "ಸುಳ್ಳ ಹೇಳಾಕ ನೀನೂ ಕಲತಿ?" ಎಂದು ಅವಳು ಪಟ್ಟನೆ ಮೂರನೆಯದನ್ನು ಹಂಚಿಗೆ ಹಾಕಿದಳು. ಅದು ಉಬ್ಬಿತು.

ಮಳೆ ಹಿಡಿಯುವ ಮುಂಚೆ ಸುಮಿತ್ರಾಬಾಯಿ ಸಿಂದಗಿಗೆ ಹೋಗುವಾಗ ಇಬ್ಬರನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ದಾವಲಮಲಿಕನೊಬ್ಬನೇ ತುಂಬಿದ್ದರಿಂದ ಶೇವಂತೆವ್ವ ಮುಂದೆ ಕೂತಳು. ಗುಡುಸಾಬ ಔಷಧದ ಪೆಟ್ಟಿಗೆಯ ಮೇಲೆ ಮುದುಡಿಕೊಂಡು ದಾರಿಯುದ್ದಕ್ಕೂ "ಅಯ್ಯಯ್ಯೋ" ಎನ್ನುತ್ತಿದ್ದ.

ಸಿಂದಗಿಯಲ್ಲಿ ದವಾಖಾನೆ ನಡೆಯುವ ಜಾಗದೆದುರು ಬೇವಿನ ಮರದ ಕೆಳಗೆ ಒಬ್ಬ ನಡುವಯಸ್ಸಿನವನು ನಿಂತಿದ್ದ. ಮಾಳಿಂಗಪ್ಪನೆಂದು ಹೆಸರು, ಕುರಿ ಕಾಯುವವನು. "ಪ್ರತೀ ಸಲ ಬರ್ತಾನ, ಅಲ್ಲೇ ನಿಲ್ತಾನ, ಹೊಳ್ಳಿ ಹೋಗ್ತಾನ. ಕರದ್ರ ಓಡ್ತಾನ" ಎಂದರು ಸುಮಿತ್ರಾಬಾಯಿ. ಶೇವಂತೆವ್ವ ಹೋಗಿ ಅವನ ಪಕ್ಕದ ಕಟ್ಟೆಯ ಮೇಲೆ ಕೂತಳು. ಕುರಿಯ ಮಾತೆತ್ತಿದಳು. ಈ ವರ್ಷ ಉಣ್ಣೆ ಹೆಂಗೈತಿ, ಮರಿಗಳು ಹೆಂಗದಾವ, ಎಲ್ಲಿ ಮೇವು ಚಲೋ. ಅವನ ಬಿಗಿದ ಮುಖ ಸ್ವಲ್ಪ ಸ್ವಲ್ಪವೇ ಸಡಿಲಾಯಿತು.

"ನೀವು ಯಾಕ ಬಂದೀರಿ ಯವ್ವಾ?" ಎಂದು ಕೊನೆಗೆ ಅವನೇ ಕೇಳಿದ.

"ನಾ ಬೀಳ್ತಿದ್ನೆಪಾ. ಮೆಣಸಿನಕಾಯಿ ರಾಶಿ ಮ್ಯಾಲ ಬಿದ್ದು ಸಂತಿಗೆಲ್ಲಾ ಸೀನ ತರಿಸೇನಿ. ಆ ದಾಂಡಗ ನಿಂತಾನಲ್ಲ, ಅವನೂ ಬೀಳ್ತಿದ್ದ. ಅವನ ಹೊರಳಸೂದರಾಗ ನನ್ನ ನಡಾ ಹೋಗಿತ್ತು."

ಮಾಳಿಂಗಪ್ಪ ದಾವಲಮಲಿಕನನ್ನು ಬಹಳ ಹೊತ್ತು ನೋಡಿದ. "ಅಂಥಾಂವನೂ?" ಎಂದ.

"ಅಂಥಾಂವನೂ."

ಅವನು ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಒಳಗ ನೀವೂ ಬರ್ತೀರೇನ?" ಎಂದು ಕೇಳಿದ.

"ಬರ್ತೇನಿ ನಡಿ" ಎಂದು ಶೇವಂತೆವ್ವ ಎದ್ದಳು.